ಇಪ್ಪತ್ತು ನಿಮಿಷ ನೋಡ್ಕೋ ಅಂದಿದ್ದರು

2023ರಲ್ಲಿ ರಾಮನವಮಿ ರಂಜಾನ್ ತಿಂಗಳಲ್ಲೇ ಬಂತು. ಮೈಕುಗಳ ದನಿ ಹೊಂದಿಸುವ ಮಿಕ್ಸರ್ ಮುಂದೆ ನಾನು ಕೂತಿದ್ದಕ್ಕೆ ಅದೇ ಕಾರಣ.

ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ರೂಮು. ಎರಡು ರಸ್ತೆ ದಾಟಿದರೆ ದೇವಸ್ಥಾನ. ಯುಗಾದಿಯಿಂದ ಒಂಬತ್ತು ದಿನ ಅಲ್ಲಿ ಸಂಜೆ ಸಂಗೀತ ಕಛೇರಿ. ಎಲೆಕ್ಟ್ರಾನಿಕ್ಸ್ ಓದುವ ಹುಡುಗಿ, ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಬೇರೆ ಪಾಸಾಗಿದ್ದಾಳೆ ಅಂತ ಯಾರೋ ಸಮಿತಿಯವರಿಗೆ ಹೇಳಿದ್ದರು. ಲೈವ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಟ್ರೈಪಾಡ್ ಮೇಲೆ ಫೋನಿಟ್ಟು ಬಟನ್ ಒತ್ತಿದರೆ ಆಯ್ತು, ಅಷ್ಟೇ ಅಲ್ವಾ ಅಂದುಕೊಂಡು ಒಪ್ಪಿಕೊಂಡೆ. ಸೌಂಡ್ಸ್ ಅಣ್ಣನ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

ಮೂರನೇ ದಿನ ರೋಜಾ ಶುರುವಾಯಿತು. ಕಛೇರಿ ಆರೂ ಕಾಲಿಗೆ. ಮೊದಲಿಗೆ ಹಾಡುವ ವರ್ಣ ಮುಗಿದು ಗಣಪತಿ ಮೇಲಿನ ಕೃತಿ ಹಿಡಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅಣ್ಣ ಎದ್ದು ನಿಂತರು. "ಪುಟ್ಟಾ, ಇಪ್ಪತ್ತು ನಿಮಿಷ ನೋಡ್ಕೋ. ಏನೂ ಮುಟ್ಟಬೇಡ. ಕುಂಯ್ ಅಂತು ಅಂದ್ರೆ ಈ ಕೆಂಪು ತಲೆದು ಕೆಳಗೆ ಎಳಿ." ಪೆಂಡಾಲ್ ಹಿಂದೆ ನಿಲ್ಲಿಸಿದ್ದ ಗೂಡ್ಸ್ ಆಟೋದ ಕಡೆ ಹೋದರು. ಸಮಿತಿಯ ಹಿರಿಯರೊಬ್ಬರು ಆಗಲೇ ಅಲ್ಲಿ ಒಂದು ದೊನ್ನೆ ಕೋಸಂಬರಿ, ಒಂದು ಲೋಟ ಪಾನಕ ಇಟ್ಟು ಬಂದಿದ್ದರು. ಅಣ್ಣ ಖರ್ಜೂರದ ಜೊತೆ ಅದನ್ನೂ ತಿಂದು, ನಮಾಜು ಮುಗಿಸಿ ಬಂದರು. ಈ ವಿಷಯ ಯಾರೂ ಮಾತಾಡಲಿಲ್ಲ. ಮಾರನೇ ದಿನವೂ ದೊನ್ನೆ ಅಲ್ಲೇ ಇತ್ತು.

ನಾನು ಏನೂ ಮುಟ್ಟಲಿಲ್ಲ. ಬರೀ ನೋಡಿದೆ. ಎಂಟು ಕಟ್ಟಿ (ಒಂದೊಂದು ಮೈಕಿನ ದನಿ ಏರಿಸಿ ಇಳಿಸುವ ಜಾರುಗುಂಡಿ), ಮೂರರ ಕೆಳಗೆ ಬಿಳಿ ಟೇಪು, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದ ಹೆಸರು: ಹಾಡು, ಪಿಟೀಲು, ಮೃದಂಗ. ಘಟದವರು ಮೃದಂಗದ ಮೈಕನ್ನೇ ಸ್ವಲ್ಪ ಬಾಗಿಸಿ ಹಂಚಿಕೊಂಡಿದ್ದರು. ಹಿಂದೆ ತಂಬೂರಿ ಮೀಟುತ್ತಿದ್ದ ಹುಡುಗಿಗೆ ಮೈಕೇ ಇರಲಿಲ್ಲ. ವಿದುಷಿಯ ಶಿಷ್ಯೆ ಇರಬೇಕು, ಪಿಯುಸಿ ವಯಸ್ಸು. ಎರಡೂವರೆ ಗಂಟೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು.

ಜೂನಿಯರ್‌ಗೆ ಓದುವಾಗ ಕಛೇರಿ ಅಂದರೆ ನನಗೆ ರಾಗ, ತಾಳ, ಯಾರ ಕೃತಿ ಇಷ್ಟೇ ಆಗಿತ್ತು. ಮಿಕ್ಸರ್ ಹಿಂದಿನಿಂದ ನೋಡಿದರೆ ಅದು ಬೇರೆಯೇ ಆಟ. ವೇದಿಕೆಯಿಂದ ಕೈಸನ್ನೆಗಳು ಬರುತ್ತಲೇ ಇರುತ್ತವೆ. ಹಾಡುವವರು ಬೆರಳು ಮೇಲೆತ್ತಿದರೆ ಅವರ ದನಿ ಏರಿಸಬೇಕು. ಪಿಟೀಲಿನವರು ಕಿವಿ ಮುಟ್ಟಿಕೊಂಡರೆ ಅವರಿಗೆ ಏನೋ ಕೇಳುತ್ತಿಲ್ಲ. ಮೃದಂಗದವರು ಬರೀ ಕಣ್ಣಲ್ಲೇ ಕೇಳುತ್ತಾರೆ. ಎಲ್ಲರಿಗೂ ತಮ್ಮದೇ ಸ್ವಲ್ಪ ಜಾಸ್ತಿ ಬೇಕು. ಘಟದವರಿಂದ ಮಾತ್ರ ಯಾವ ಸನ್ನೆಯೂ ಬರಲಿಲ್ಲ. ತಂಬೂರಿಯ ಹುಡುಗಿಯಂತೂ ತಲೆಯೇ ಎತ್ತಲಿಲ್ಲ. ಯಾರು ಎಷ್ಟು ಕೇಳಬಹುದು ಅನ್ನೋದು ಕೂತ ಜಾಗದಲ್ಲೇ ತೀರ್ಮಾನ ಆಗಿರುತ್ತದೆ. ಮಿಕ್ಸರ್ ಅದನ್ನು ಹಾಗೇ ಒಪ್ಪಿಸುತ್ತದೆ.

ಒಂದು ತಮಾಷೆ. ಕಲಾವಿದರು ಮೈಕಲ್ಲಿ "ಫೀಡ್‌ಬ್ಯಾಕ್ ಸ್ವಲ್ಪ ಜಾಸ್ತಿ ಕೊಡಿ" ಅಂತಾರೆ. ನಮ್ಮ ಪಠ್ಯದಲ್ಲಿ ಫೀಡ್‌ಬ್ಯಾಕ್ ಅಂದರೆ ಮೈಕು ಸ್ಪೀಕರಿನ ಸದ್ದನ್ನೇ ಮತ್ತೆ ಎಳೆದುಕೊಂಡು ಕಿರುಚೋದು. ಅದನ್ನು ತಡೆಯೋದಕ್ಕೇ ಅರ್ಧ ಅಧ್ಯಾಯ ಇದೆ. ಇಲ್ಲಿ ಕೇಳಿ ಕೇಳಿ ಪಡೀತಾರಲ್ಲಾ ಅಂತ ಮೊದಲ ದಿನ ಕಂಗಾಲಾದೆ. ಅವರು ಹೇಳೋದು ವೇದಿಕೆ ಮೇಲೆ ಅವರ ಕಡೆಗೇ ತಿರುಗಿಸಿಟ್ಟ ಸ್ಪೀಕರಿಗೆ ಅಂತ ಅಣ್ಣ ಬಿಡಿಸಿ ಹೇಳಿದರು. "ಮದುವೆ ಆರ್ಕೆಸ್ಟ್ರಾದೋರು ಅದನ್ನ ಮಾನಿಟರ್ ಅಂತಾರೆ, ಇವ್ರು ಫೀಡ್‌ಬ್ಯಾಕ್ ಅಂತಾರೆ. ನಂಗೆ ಎರಡೂ ಒಂದೇ ಬಾಡಿಗೆ."

ಇನ್ನು ನನ್ನ ಲೈವಿನ ಕಥೆ. ಮೊದಲ ದಿನ ನೋಡಿದವರು ಹನ್ನೊಂದು ಜನ. ಅದರಲ್ಲಿ ನಮ್ಮ ಅಜ್ಜಿ ಒಬ್ಬಳು. ಅಜ್ಜಿ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗಿ, ರಸ್ತೆ ಬಿಟ್ಟು ಒಳಗೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಒಂದೇ ಕಡೆ, ಹಿತ್ತಿಲ ಕಿಟಕಿಯ ಹತ್ತಿರ. ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಪೂರ್ತಿ ನೋಡಿದ್ದಳು. ರಾತ್ರಿ ಫೋನ್ ಬಂತು.

"ಚೆನ್ನಾಗಿ ಹಾಡಿದ್ರು ಮಾರಾಯ್ತಿ. ಆದ್ರೆ ತಂಬೂರಿ ಇಲ್ದೆ ಎಂತಕ್ಕೆ ಕೂತಿದ್ರು?"

"ಇತ್ತಲ್ಲ ಅಜ್ಜಿ, ಹಿಂದೆ ಒಬ್ಳು ಮೀಟ್ತಾ ಇದ್ಲು. ಮುಂದೆ ಶ್ರುತಿಪೆಟ್ಟಿಗೆನೂ ಇತ್ತು."

"ಕೈ ಆಡ್ಸೋದು ಕಾಣ್ತದೆ. ಕೇಳೋದಿಲ್ಲ."

ಅಜ್ಜಿ ಹುಟ್ಟಿದ ಮೇಲೆ ಒಂದು ಕಛೇರಿಯನ್ನೂ ಎದುರು ಕೂತು ಕೇಳಿದವಳಲ್ಲ. ಅಜ್ಜ ಶಿವಮೊಗ್ಗಕ್ಕೆ ಬಂದು ಕೇಳಿ, ರಾತ್ರಿ ಉಳಿದು, ಬೆಳಗ್ಗೆ ಬಸ್ಸಿಗೆ ಬರುತ್ತಿದ್ದರು. ಅಜ್ಜಿಗೆ ಇದ್ದದ್ದು ಭದ್ರಾವತಿ ಆಕಾಶವಾಣಿ, ಅದೂ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು. ರೇಡಿಯೋದ ಕಿವಿ ಅದು, ಚೂರು ಹೆಚ್ಚು ಕಡಿಮೆ ಆದರೂ ಹಿಡಿಯುತ್ತದೆ. ರೆಕಾರ್ಡಿಂಗ್ ಹಾಕಿ ನಾನೂ ಹೆಡ್‌ಫೋನಲ್ಲಿ ಕೇಳಿದೆ. ಅಜ್ಜಿ ಹೇಳಿದ್ದು ನಿಜ. ಹಾಡು ಶುರುವಾದ ಒಂದೆರಡು ಸೆಕೆಂಡು ತಂಬೂರಿ ಇದೆ, ಆಮೇಲೆ ಕರಗಿ ಹೋಗಿದೆ. ಯಾರೋ ಕೆಮ್ಮಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಕಾರಣ ಹುಡುಕೋಕೆ ಒಂದು ರಾತ್ರಿ ಹೋಯಿತು. ಫೋನಿನ ಮೈಕು ಮಾತಿಗಾಗಿ ಮಾಡಿದ್ದು. ಮಾತು ಏರಿಳಿಯುತ್ತದೆ, ನಡುವೆ ನಿಲ್ಲುತ್ತದೆ. ಒಂದೇ ಸಮ ಬರುವ ಸದ್ದು ಯಾವುದಾದರೂ ಇದ್ದರೆ ಅದು ಫ್ಯಾನೋ, ಎಂಜಿನ್ನೋ ಇರಬೇಕು ಅಂತ ಒಳಗಿನ ಪ್ರೋಗ್ರಾಮು ಲೆಕ್ಕ ಹಾಕಿ ಅಳಿಸುತ್ತದೆ. ತಂಬೂರಿಯ ಕೆಲಸವೇ ಒಂದೇ ಸಮ ಇರೋದು. ನಮ್ಮ ಸಂಗೀತ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಫೋನು ಫ್ಯಾನು ಅಂದುಕೊಂಡು ಒರೆಸಿ ಹಾಕಿತ್ತು! ಜೊತೆಗೆ ದನಿ ತಾನಾಗೇ ಏರಿಸಿ ಇಳಿಸುವ ಏರ್ಪಾಟು ಬೇರೆ. ಮೃದಂಗದ ಒಂದು ಗಟ್ಟಿ ಪೆಟ್ಟು ಬಿದ್ದ ತಕ್ಷಣ ಹಾಡು ಕುಗ್ಗುತ್ತದೆ.

ಯಂತ್ರ ತನ್ನ ಅಳತೆಗೆ ಸಂಗೀತವನ್ನು ಕತ್ತರಿಸೋದು ಹೊಸದೇನಲ್ಲ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚು ಕಡಿಮೆ ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಿ, ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡರು. ಅವರಿಗೆ ತಮ್ಮ ಹಾಡು ಎಲ್ಲಿ ಕತ್ತರಿಸುತ್ತದೆ ಅಂತಾದರೂ ಗೊತ್ತಿತ್ತು. ನನಗೆ ಕತ್ತರಿಸಿದ್ದೇ ಗೊತ್ತಾಗಲಿಲ್ಲ, ಅಜ್ಜಿ ಹೇಳಬೇಕಾಯಿತು.

ಲಾಕ್‌ಡೌನ್ ಕಾಲದ ಆನ್‌ಲೈನ್ ಕ್ಲಾಸೂ ನೆನಪಾಯಿತು. ಮೇಡಂ ಜೊತೆ ಒಟ್ಟಿಗೆ ಹಾಡೋಕೇ ಆಗುತ್ತಿರಲಿಲ್ಲ. ಅವರ ದನಿ ನನಗೆ ತಡವಾಗಿ, ನನ್ನದು ಅವರಿಗೆ ಇನ್ನೂ ತಡವಾಗಿ. ಕಡೆಗೆ ಅವರು ಹಾಡಿ ನಿಲ್ಲಿಸೋದು, ನಾನು ಹಾಡೋದು. ಸರಳೆ ವರಸೆಯೂ ಪಾಠ ಒಪ್ಪಿಸಿದ ಹಾಗೆ ಆಗಿತ್ತು. ನಾನು ಕ್ಲಾಸು ಬಿಟ್ಟದ್ದು ಆಗಲೇ.

ಅದಿರಲಿ. ಫೋನಿನ ಮೈಕು ಬಿಟ್ಟು ಮಿಕ್ಸರಿನಿಂದಲೇ ವೈರು ಎಳೆದು ಲ್ಯಾಪ್‌ಟಾಪಿಗೆ ಕೊಡೋಣ ಅಂದೆ. ಅಣ್ಣ ಒಪ್ಪಿದರು. ನಾಲ್ಕನೇ ದಿನ ವೈರು ಚುಚ್ಚಿದ ತಕ್ಷಣ ಪೆಂಡಾಲ್ ತುಂಬ ಸಣ್ಣಗೆ "ಹ್‌ಮ್‌ಮ್" ಅಂತ ಶುರುವಾಯಿತು. ಜನರಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ವಿದುಷಿ ಮಾತ್ರ ಹಾಡು ಶುರು ಮಾಡದೆ ಶ್ರುತಿ ಪೆಟ್ಟಿಗೆಯನ್ನೇ ತಿರುಗಿಸುತ್ತಾ ಕೂತರು. "ಏನೋ ಶ್ರುತಿ ಕದಡ್ತಾ ಇದೆ" ಅಂದರು. ಮುಂದಿನ ಸಾಲಿನಲ್ಲಿ ಯಾರೋ ವಾಚು ನೋಡಿಕೊಂಡರು.

ಅದು ಏನು ಅಂತ ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತದೆ. ಅದು ಆಡಿಯೋ ವೈರಿನೊಳಗೆ ಸೇರಿದರೆ 50 ಮಾತ್ರ ಅಲ್ಲ, 100, 150, 200 ಹರ್ಟ್ಸ್ ಕೂಡ ಜೊತೆಗೆ ಬರುತ್ತವೆ. ವಿದುಷಿಯದು ಐದು ಮನೆ ಶ್ರುತಿ, ಅಂದರೆ ಅವರ ಷಡ್ಜ (ಸರಿಗಮದ 'ಸ') 196 ಹರ್ಟ್ಸ್. 196ರ ಪಕ್ಕದಲ್ಲಿ 200. ಎರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ನಾಲ್ಕು ಸಲ ಅಲೆ ಎದ್ದು ಬೀಳುತ್ತದೆ. ಅವರ ಷಡ್ಜದ ಪಕ್ಕದಲ್ಲೇ ಕರೆಂಟಿನವರ ಒಂದು ಸೊಟ್ಟ ಷಡ್ಜ ಕೂತಿತ್ತು. ನಾನು ಮೀಟರಿನಲ್ಲಿ ಹುಡುಕುವ ಮೊದಲೇ ಅವರ ಕಿವಿಗೆ ಅದು ಸಿಕ್ಕಿತ್ತು.

ಆ ಹೊತ್ತಿಗೆ ಲೆಕ್ಕ ಎಲ್ಲಿ ಬರಬೇಕು, ಬೆವರುತ್ತಿದ್ದೆ. ಅಣ್ಣ ಸುಮ್ನೆ ಬಗ್ಗಿ ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರು. ಸದ್ದು ಪಟ್ಟಂತ ನಿಂತಿತು. ಚಾರ್ಜರು ಒಂದು ಕಡೆಯ ಪ್ಲಗ್ಗು, ಮಿಕ್ಸರ್ ಇನ್ನೊಂದು ಕಡೆಯದು, ಎರಡರ ಅರ್ಥಿಂಗ್ ನಡುವೆ ಒಂದು ಸುತ್ತು ಬಿದ್ದಿತ್ತು. ಗ್ರೌಂಡ್ ಲೂಪ್. ಐದು ಅಂಕದ ಪ್ರಶ್ನೆ ಅದು, ಚಿತ್ರ ಸಮೇತ ಬರೆದಿದ್ದೆ. ಚಾರ್ಜರ್ ಇಲ್ಲದ ಲ್ಯಾಪ್‌ಟಾಪು ಮುಖ್ಯ ಕೃತಿಯ ಸ್ವರದ ನಡುವೆ ಪ್ರಾಣ ಬಿಟ್ಟಿತು. ಮಾರನೇ ದಿನ ಅಣ್ಣ ತಮ್ಮ ಅಂಗಡಿಯಿಂದ ಬೆಂಕಿಪೊಟ್ಟಣದ ಮೂರರಷ್ಟು ದೊಡ್ಡ ಒಂದು ಡಬ್ಬಿ ತಂದರು. ಒಳಗೆ ಟ್ರಾನ್ಸ್‌ಫಾರ್ಮರ್, ಸದ್ದು ದಾಟುತ್ತದೆ, ಅರ್ಥಿಂಗ್ ದಾಟುವುದಿಲ್ಲ. "ಗಣಪತಿ ಹಬ್ಬದಲ್ಲಿ ಡಿಜೆಯೋರಿಗೆ ಕೊಡೋದು. ಕಳ್ಕೊಂಡೀಯಾ ಮತ್ತೆ."

ಅಲ್ಲಿಗೂ ಮುಗಿಯಲಿಲ್ಲ. ಈಗ ಲೈವಲ್ಲಿ ಹಾಡು ಜೋರು, ಮೃದಂಗ ಎಲ್ಲೋ ಬಾವಿಯೊಳಗೆ. ಪೆಂಡಾಲಿನಲ್ಲಿ ಮೃದಂಗ ಮೈಕಿಲ್ಲದೆಯೇ ಅರ್ಧ ಕೇಳುತ್ತದೆ, ಹಾಗಾಗಿ ಅದರ ಕಟ್ಟಿ ಕೆಳಗೇ ಇರುತ್ತದೆ. ಲೈವಿಗೆ ಹೋಗೋದು ಕಟ್ಟಿಯಲ್ಲಿ ಇದ್ದದ್ದು ಮಾತ್ರ. ಎದುರು ಕೂತವರಿಗೆ ಒಂದು ಹದ, ಕಿಟಕಿ ಹತ್ತಿರ ಕೂತ ಅಜ್ಜಿಗೆ ಇನ್ನೊಂದು ಹದ ಬೇಕು. ಮಿಕ್ಸರಿನಲ್ಲಿ ಅದಕ್ಕೆ ಬೇರೆ ಗುಂಡಿಗಳ ಸಾಲೇ ಇದೆ. ಅದನ್ನು ಅಣ್ಣ ಪೂರ್ತಿ ನನಗೆ ಬಿಟ್ಟುಕೊಟ್ಟರು. ಐದನೇ ದಿನದಿಂದ ನಾನು ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಬಯಲಿಗೆ ಇಟ್ಟುಕೊಂಡು ಕೂರತೊಡಗಿದೆ. ಆರನೇ ಕಟ್ಟಿಗೆ ಟೇಪು ಅಂಟಿಸಿ "ತಂಬೂರಿ" ಅಂತ ಬರೆದೆ. ಮೈಕು ಹಿಡಿದು ವೇದಿಕೆಗೆ ಹೋದಾಗ ಆ ಹುಡುಗಿ "ನಂಗಾ?" ಅಂತ ಹಿಂದೆ ತಿರುಗಿ ನೋಡಿದಳು.

ಮೃದಂಗದ ಮಾತು ಬಂತು ಅಂತ ಇನ್ನೊಂದು. ಅದರ ಎಡಗಡೆಗೆ ರವೆ ಕಲಸಿ ಮೆತ್ತುತ್ತಾರೆ, ಗುಮ್ಮ್ ಅನ್ನೋ ನಾದ ಅದರಿಂದಲೇ. ಆರನೇ ದಿನದ ವಿದ್ವಾಂಸರು ರವೆ ಮರೆತು ಬಂದಿದ್ದರು. ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇದೆ. ನಾನು ಓಡಿಹೋಗಿ ಪ್ರಸಾದದ ಅಡುಗೆಯವರ ಹತ್ತಿರ ಒಂದು ಹಿಡಿ ಕೇಳಿದೆ. ಕೇಸರಿಬಾತಿಗೆ ಅಂತ ಹುರಿದಿಟ್ಟ ರವೆ ಕೊಟ್ಟರು. ವಿದ್ವಾಂಸರು ನೀರು ಹಾಕಿ ಕಲಸಿ, ಮೂಸಿ ನೋಡಿ, "ತುಪ್ಪದಲ್ಲಿ ಹುರಿದಿದಾರಮ್ಮ, ಅಂಟಲ್ಲ" ಅಂದರು. ಮತ್ತೆ ಓಡಿದೆ. ಇಷ್ಟೆಲ್ಲಾ ಗ್ರೌಂಡ್ ಲೂಪ್ ಕಲಿತರೂ ಅವತ್ತು ಕಛೇರಿ ನಿಂತಿದ್ದು ಹಸಿ ರವೆ ಮೇಲೆ.

ಕಾಪಿರೈಟ್ ವಿಷಯ ಹೇಳಿಬಿಡುತ್ತೇನೆ, ಜಾಸ್ತಿ ಇಲ್ಲ. ಲೈವ್ ಮಾಡಿದ ಒಂದು ಕೃತಿ ತಮ್ಮದು ಅಂತ ಯಾವುದೋ ಕಂಪನಿಯ ಹೆಸರಲ್ಲಿ ನೋಟಿಸು ಬಂತು. ಅದನ್ನು ರಚಿಸಿದ ತ್ಯಾಗರಾಜರು 1847ರಲ್ಲಿ ತೀರಿಕೊಂಡವರು. ಯಾರೋ ಹಾಡಿ ಬಿಡುಗಡೆ ಮಾಡಿದ ಆಲ್ಬಮ್ಮಿಗೆ ನಮ್ಮದು ಹೋಲುತ್ತದೆ ಅಂತ ಯಂತ್ರ ತೀರ್ಪು ಕೊಟ್ಟಿತ್ತು. ಒಂದೇ ಕೃತಿ, ಒಂದೇ ರಾಗ, ಹೋಲದೆ ಇನ್ನೇನು? ಆಕ್ಷೇಪಣೆ ಬರೆದೆ, ಕೆಲವು ದಿನ ಬಿಟ್ಟು ಕೈಬಿಟ್ಟರು.

ಈಗ ಗೇಟಿನ ಸ್ಪೀಕರ್ ಕಥೆ. ದೇವಸ್ಥಾನದ ಗೇಟಿನ ಹೊರಗೆ ಒಂದು ಕಾಫಿ ಗಾಡಿ ಇದೆ. ಆ ಅಣ್ಣ ಸಂಗೀತ ಕಲಿತವರಲ್ಲ, ಆದರೆ ಕಛೇರಿಯ ಕ್ರಮ ನನಗಿಂತ ಚೆನ್ನಾಗಿ ಗೊತ್ತು. ವರ್ಣ, ಸಣ್ಣ ಕೃತಿಗಳು, ದೊಡ್ಡ ಕೃತಿ, ಅದರ ಕೊನೆಗೆ ತನಿ ಆವರ್ತನ (ಮೃದಂಗ, ಘಟದವರಷ್ಟೇ ನುಡಿಸುವ ಸರದಿ), ಆಮೇಲೆ ದೇವರನಾಮ, ಮಂಗಳ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರು ರೂಢಿಗೆ ತಂದ ಕ್ರಮ ಇದು ಅಂತ ನಾವು ಪರೀಕ್ಷೆಗೆ ಓದಿದ್ದೆವು. ಇವರು ಓದಿದ್ದು ಹಾಲಿನ ಪಾತ್ರೆಯಲ್ಲಿ. ತನಿ ಶುರುವಾದರೆ ಅರ್ಧ ಪೆಂಡಾಲ್ ಎದ್ದು ಕಾಫಿಗೆ ಬರುತ್ತದೆ. ಮೃದಂಗದವರಿಗೆ ಇದು ಎಷ್ಟು ಬೇಜಾರೋ, ಇವರಿಗೆ ಅಷ್ಟೇ ವ್ಯಾಪಾರ. ದೊಡ್ಡ ಕೃತಿಯಲ್ಲಿ ಸರಿಗಮ ಅಂತ ಸ್ವರ ಹಾಕೋದು ಗೇಟಿನ ಸ್ಪೀಕರಲ್ಲಿ ಕೇಳಿದ ಕೂಡಲೇ ಹಾಲು ಒಲೆಗೆ ಇಡುತ್ತಾರೆ. ತನಿ ಬರುವಷ್ಟರಲ್ಲಿ ಉಕ್ಕಿರುತ್ತದೆ.

ಆರನೇ ದಿನ ಪಕ್ಕದ ಮನೆಯಿಂದ ದೂರು ಬಂತು. ಮಗನಿಗೆ ಮಾರ್ಚ್ 31ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಗೇಟಿನ ಕಂಬದ ಮೇಲಿನ ಸ್ಪೀಕರು ನೇರ ಅವನ ಕಿಟಕಿಗೇ ಮುಖ ಮಾಡಿತ್ತು. ಸಮಿತಿಯಲ್ಲಿ ಒಬ್ಬರು "ರಾತ್ರಿ ಹತ್ತರವರೆಗೆ ಕಾನೂನೇ ಇದೆ" ಅಂದರು. ಇನ್ನೊಬ್ಬರು "ಹೊರಗಿನೋರಿಗೆ ಯಾಕೆ ಬೇಕು, ಕೇಳೋರು ಒಳಗೆ ಬಂದು ಕೂರ್ಲಿ" ಅಂದರು. ಸ್ಪೀಕರ್ ಕಿತ್ತರು. ನನಗೆ ಆಗ ಇದು ಸರಿಯೇ ಅನ್ನಿಸಿತ್ತು. ಪಾಪ, ಹುಡುಗ ಓದಲಿ.

ಏಳನೇ ದಿನ ಮಧ್ಯಾಹ್ನದಿಂದಲೇ ಸೆಕೆ. ಸಂಜೆ ಹೂಮಳೆ ಬಂತು, ಗುಡುಗಿನ ಜೊತೆ. ದೊಡ್ಡ ಕೃತಿಯ ಆಲಾಪನೆ ನಡೆಯುತ್ತಿತ್ತು. ಕರೆಂಟು ಹೋಯಿತು. ಚಿಕ್ಕ ಸಮಿತಿ, ಜನರೇಟರ್ ಇರಲಿಲ್ಲ. ಲೈವೂ ಸತ್ತಿತು. ವಿದ್ವಾಂಸರು ನಿಲ್ಲಿಸಲಿಲ್ಲ. ಯಾರೋ ದೀಪದ ಕಂಬ ತಂದು ಮುಂದಿಟ್ಟರು.

ಮುಂದಿನ ಸಾಲಿನ ಹಿರಿಯರೊಬ್ಬರು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು: "ಮೈಕು ಹೋದ ಮೇಲೆ ನೋಡಿ ನಿಜವಾದ ಸಂಗೀತ ಕೇಳಿದ್ದು. ಎಂಥಾ ತಂಬೂರಿ!" ಅವರಿಗೆ ಹಾಗೆ ಇದ್ದಿರಬಹುದು. ಅವರು ಕೂತದ್ದು ವೇದಿಕೆಯಿಂದ ಆರಡಿ ದೂರದ ಸೋಫಾದಲ್ಲಿ. ನಾನಿದ್ದದ್ದು ಹಿಂದೆ. ಅಲ್ಲಿ ಕೇಳಿದ್ದು ತಗಡಿನ ಮೇಲೆ ಬೀಳುವ ಮಳೆ, ಅಷ್ಟೇ. ಜಮಖಾನದ ಮೇಲೆ ಕೂತಿದ್ದ ಹೆಂಗಸರು ಸ್ವಲ್ಪ ಹೊತ್ತು ನೋಡಿದರು. ದೀಪದ ಬೆಳಕಲ್ಲಿ ಬಾಯಿ ಆಡುತ್ತಿದೆ, ಕೈ ಆಡುತ್ತಿದೆ. ಅಜ್ಜಿ ಮೊದಲ ದಿನ ಹೇಳಿದ ಹಾಗೆ, ಕಾಣುತ್ತದೆ, ಕೇಳುವುದಿಲ್ಲ. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು. ಎದ್ದವರೆಲ್ಲ ಹಿಂದಿನವರೇ.

ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ ಅಂತ ಅವತ್ತು ನನಗೆ ಮನಸ್ಸಿಗೆ ಇಳಿಯಿತು. ಮೈಕು ಸರಿಯಾಗಿ ಇಲ್ಲದ ಕಾಲ, ದೊಡ್ಡ ಸಭೆ. ನಾಲ್ಕು ತಂತಿಯ ನಾದ ಹಿಂದಿನವರಿಗೆ ಮುಟ್ಟುತ್ತಿರಲಿಲ್ಲ. ಅವರು ವಾದ್ಯವನ್ನೇ ಬದಲಾಯಿಸಿಕೊಂಡರು. ಹಿಂದಿನ ಸಾಲಿಗಾಗಿ.

ಹೊರಗೆ ಕಾಫಿಯಣ್ಣ ಟಾರ್ಪಾಲಿನ ಕೆಳಗೆ ನಿಂತು ಬೈಯುತ್ತಿದ್ದರು. ಸ್ಪೀಕರಿಲ್ಲದೆ ಎರಡು ದಿನ ಅಂದಾಜಿನ ಮೇಲೆ ನಡೆಸಿದ್ದರು. ಇವತ್ತು ಜನ ಆಲಾಪನೆಗೇ ಎದ್ದು ಬಂದಿದ್ದರು, ಹಾಲು ತಣ್ಣಗಿತ್ತು. "ತನಿ ಆಯ್ತೇನಮ್ಮಾ?" ಅಂತ ಕೇಳಿದರು. ಇನ್ನೂ ಕೃತಿಯೇ ಶುರುವಾಗಿಲ್ಲ ಅಂದೆ. "ಮತ್ತೆ ಇವ್ರೆಲ್ಲ ಯಾಕೆ ಬಂದ್ರು?"

ಎಂಟನೇ ದಿನ ಬೆಳಗ್ಗೆ ನಾನೂ ಸೌಂಡ್ಸ್ ಅಣ್ಣನೂ ಗೇಟಿನ ಹತ್ತಿರ ನಿಂತು ಚರ್ಚೆ ಮಾಡಿದೆವು. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ದೂರದ ಕಂಬದಿಂದ ಜೋರಾಗಿ ಕೂಗಿಸೋದಕ್ಕಿಂತ, ಬೇಕಾದವರ ಹತ್ತಿರವೇ ಸಣ್ಣದಾಗಿ ಇಡೋದು ವಾಸಿ. ಅಣ್ಣ ಅದಕ್ಕೆ ಲೆಕ್ಕ ಬೇಕಾಗಿಲ್ಲ ಅಂದರು: "ಕಿವಿ ಹತ್ರ ಪಿಸುಗುಟ್ಟಿದಂಗೆ." ಹಳೇ ಎರಡು ಚಿಕ್ಕ ಸ್ಪೀಕರ್ ತಂದರು. ಒಂದು ಗೇಟಿನ ಒಳಗೆ, ಜಮಖಾನದ ಹಿಂದಿನ ತುದಿಗೆ. ಇನ್ನೊಂದು ಕಾಫಿ ಗಾಡಿಯ ಕೆಳಗೆ, ಸ್ಟೂಲಿನ ಮೇಲೆ, ಆ ಮನೆಯ ಕಡೆಗೆ ಬೆನ್ನು ಹಾಕಿ. ನಾನು ಆ ಹುಡುಗನ ರೂಮಿಗೇ ಹೋಗಿ ಕೂತು ಕೇಳಿದೆ. ಅವನ ಅಮ್ಮನೂ ಬಂದು ಕಿವಿಗೊಟ್ಟರು. "ಫ್ಯಾನಿನ ಸದ್ದೇ ಜಾಸ್ತಿ ಇದೆ, ಇರ್ಲಿ ಬಿಡಿ" ಅಂದರು. ಹುಡುಗ ಗಣಿತದ ಪುಸ್ತಕದ ಮೇಲೆ ಕೈಯಿಟ್ಟುಕೊಂಡು, ಮಿಕ್ಸರ್ ಎಷ್ಟು ರೂಪಾಯಿ ಅಂತ ಕೇಳಿದ.

ಕೊನೆಯ ದಿನ, ರಾಮನವಮಿ. ಹೊತ್ತು ಮುಳುಗಿತು, ಅಣ್ಣ ಎದ್ದು ಹೋದರು. ಈ ಸಲ ಏನನ್ನೂ ಹೇಳಲಿಲ್ಲ. ಮುಕ್ಕಾಲು ಗಂಟೆ ಬರಲೂ ಇಲ್ಲ. ನೋಡಿದರೆ ಪೆಂಡಾಲಿನ ಹಿಂದೆ ಆಟೋದಲ್ಲಿ ಕಾಲು ಚಾಚಿ ಕೂತು ಕೇಳುತ್ತಿದ್ದರು. ಅಜ್ಜಿಯಿಂದ ಒಂದು ಮೆಸೇಜು, ಮಾವನ ಮಗ ಟೈಪ್ ಮಾಡಿದ್ದು: "ತಂಬೂರಿ ಈಗ ಸಾಕು, ಜಾಸ್ತಿ ಮಾಡ್ಬೇಡ ಅಂತೆ." ಒಂದು ಕೂದಲೆಳೆಯಷ್ಟು ಇಳಿಸಿದೆ. ಘಟದವರು ಮೊದಲ ಸಲ ತಲೆಯೆತ್ತಿ ನನ್ನ ಕಡೆ ನೋಡಿ, ಬೆರಳು ಮೇಲೆ ಮಾಡಿದರು. ಏರಿಸಿದೆ.

ದೊಡ್ಡ ಕೃತಿಯಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಮುಗಿಯುತ್ತಾ ಬಂತು. ಗೇಟಿನ ಕಡೆ ತಿರುಗಿದೆ. ಕಾಫಿಯಣ್ಣ ಗಿರಾಕಿಯ ಜೊತೆ ಮಾತಾಡುತ್ತಾ, ಒಂದು ಕಿವಿ ಗಾಡಿಯ ಕೆಳಗೆ ಬಗ್ಗಿಸಿದ್ದರು. ವಿದುಷಿ ಮೊದಲ ಸ್ವರ ಹಾಕಿದರು. ಅವರು ಮಾತು ನಿಲ್ಲಿಸದೆಯೇ ಹಾಲಿನ ಪಾತ್ರೆ ಎಳೆದು ಒಲೆಗೆ ಇಟ್ಟರು.